ಹರಿಹರದ ಕಲ್ಲುಚಾವಡಿ

ಈ ಸಲದ ವಾರ್ಷಿಕ ಸಂಚಿಕೆಗೆ ಕವನಗಳೂ ಕಥೆಗಳೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬಂದಿವೆಯಂತೆ. ಆದುದರಿಂದ ಸಂಚಿಕೆಯ ಹೊಣೆ ಹೊತ್ತಿರುವ ನಮ್ಮ ಕನ್ನಡ ಗುರುಗಳು ನನ್ನನ್ನು ಕರೆದು, "ನೀನು ಚರಿತ್ರೆ ಓದುವವನು. ನಮ್ಮ ಕಡೆಯ ಯಾವುದಾದರೊಂದು ಸಾರ್ವಜನಿಕ ಕಟ್ಟಡದ ವಿಷಯ ಬರೆದುಕೊಡು. ಪ್ರೇಮಕವನ ಮಾತ್ರ ಬೇಡ" ಎಂದರು. ನಾನು ಪ್ರೇಮಕವನ ಬರೆಯುವವನಲ್ಲ. ಬರೆದಿದ್ದರೂ ಅವರಿಗೆ ತೋರಿಸುವಷ್ಟು ಧೈರ್ಯವುಳ್ಳವನಲ್ಲ. ಒಪ್ಪಿಕೊಂಡು ಬಂದೆನು.

ಸಾರ್ವಜನಿಕ ಕಟ್ಟಡವೆಂದೊಡನೆ ನನಗೆ ನೆನಪಾದುದು ಪುರಭವನ. ಹಿಂದಿನ ವರ್ಷ ನಮ್ಮ ತರಗತಿಯವರು ಪ್ರವಾಸ ಹೋದಾಗ ಮೈಸೂರು, ಬೆಂಗಳೂರುಗಳ ಎರಡು ಪುರಭವನಗಳನ್ನೂ ಹೊರಗಿನಿಂದ ನೋಡಿದ್ದೆವು. ಮೈಸೂರಿನದು ದಿವಾನ್ ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಎದ್ದುದು. ಅವರು ತೀರಿಕೊಂಡುದು ಅದರ ಹಿಂದಿನ ವರ್ಷ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನರ ಹೆಸರು ಜನ ಸೇರುವ ಮನೆಯೊಂದಕ್ಕೆ ಇರುವುದು ಯೋಗ್ಯವೇ ಸರಿ. ಬೆಂಗಳೂರಿನದಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು, 1935ರಲ್ಲಿ ಅದು ತೆರೆಯಿತು. ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಪುಟ್ಟಣ್ಣಚೆಟ್ಟರ ಹೆಸರು ಅದಕ್ಕಿದೆ. ಮುಂದೆ ಎತ್ತರವಾದ ಕಂಬಗಳು, ಅವುಗಳ ಮುಂದೆ ಅಗಲವಾದ ಮೆಟ್ಟಿಲುಗಳು. ಬಹುಕಾಲ ಊರಿನ ಪ್ರತಿಭಟನೆಗಳೆಲ್ಲ ಆ ಮೆಟ್ಟಿಲುಗಳ ಮೇಲೆಯೇ ನಡೆಯುತ್ತಿದ್ದುವಂತೆ. "ಹಾಗಾದರೆ ಭವನಕ್ಕಿಂತ ಮೆಟ್ಟಿಲೇ ಹೆಚ್ಚು ಸಾರ್ವಜನಿಕವಾಯಿತಲ್ಲ" ಎಂದು ನನ್ನ ಮಿತ್ರನೊಬ್ಬನು ನಗೆಯಾಡಿದನು. ಆ ಮಾತು ಏಕೋ ನನ್ನ ಮನಸ್ಸಿನಲ್ಲಿ ಉಳಿಯಿತು.

ದಾವಣಗೆರೆಗೆ ಬಂದರೆ ಇಲ್ಲಿ ಸಭೆಗಳಿಗೆ ಎಂದೂ ಬರವಿಲ್ಲ. 1922ರಲ್ಲಿಯೇ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಊರಿದು. 1992ರ ಸಮ್ಮೇಳನಕ್ಕೆ ಜಿ. ಎಸ್. ಶಿವರುದ್ರಪ್ಪನವರು ಅಧ್ಯಕ್ಷರು. ಚಿಂದೋಡಿ ಮನೆತನದವರ ನಾಟಕ ಕಂಪನಿಯೂ ಇಲ್ಲಿಯದೇ. ಹತ್ತಿಯ ವ್ಯಾಪಾರ, ಗಿರಣಿಗಳ ಸಿಳ್ಳು, ಬೆಣ್ಣೆದೋಸೆಯ ಹೊಗೆ, ಇವುಗಳ ನಡುವೆ ಜನರು ಸೇರುತ್ತಲೇ ಬಂದಿದ್ದಾರೆ. ಆದರೆ ಇದು ದುಡಿಯುವ ಊರು. ಸೇರಿದರು, ಮಾತು ಮುಗಿಸಿದರು, ಚಪ್ಪರ ಬಿಚ್ಚಿದರು. ಬಿಚ್ಚಿದ ಚಪ್ಪರದ ವಾಸ್ತುಶಿಲ್ಪವನ್ನು ಕುರಿತು ನಾನು ಬರೆಯುವುದು ಹೇಗೆ?

ಕೊನೆಗೆ ನಮ್ಮ ಬಡಾವಣೆಯ ಹತ್ತಿರದ ಒಂದು ಸಮುದಾಯ ಭವನವನ್ನೇ ಆರಿಸಿಕೊಂಡೆನು. ಅದಕ್ಕೊಂದು ಕಾರಣವಿತ್ತು. ಅದರ ಗೋಡೆಗಳನ್ನು ಕಟ್ಟಿದವರಲ್ಲಿ ನಮ್ಮ ತಂದೆಯವರೂ ಒಬ್ಬರು. ಅವರು ಗೌಂಡಿ. ಕರಣೆ ಹಿಡಿದು ಮೂವತ್ತು ವರ್ಷವಾಯಿತು.

ಇದನ್ನು ಇಷ್ಟು ಸಲೀಸಾಗಿ ಬರೆದುಬಿಟ್ಟೆನಾದರೂ ಹೇಳಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಪ್ರಥಮ ವರ್ಷಕ್ಕೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಜಾಗ ಬಂದಿತು. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗನು 'ಉಪಾಧ್ಯಾಯರು' ಎಂದು ಬರೆದುದನ್ನು ನೋಡಿದೆನು. ನಾನು 'ಕಟ್ಟಡ ಗುತ್ತಿಗೆದಾರರು' ಎಂದು ಬರೆದೆನು. ಕೆಳಗೆ ತಂದೆಯವರ ರುಜು ಬೇಕಾಗಿತ್ತು. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಅಂದು ಓದದೆಯೇ ರುಜು ಮಾಡಿದರೆಂದು ನಾನು ತಿಳಿದುಕೊಂಡೆನು.

ಸಮುದಾಯ ಭವನದ ವಿಷಯ ಬರೆಯುತ್ತೇನೆಂದಾಗ ತಂದೆಯವರು ಊಟದ ತಟ್ಟೆಯಿಂದ ತಲೆಯೆತ್ತಿ, "ಅದರಾಗ ಏನೈತಿ ಬರೆಯಾಕ? ಮಳೆ ಬಂದ್ರ ಒಳಗ ಕುಂತೋರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ. ಮ್ಯಾಲೆ ತಗಡು ಹಾಕ್ಯಾರ" ಎಂದರು. ಬಾಗಿಲ ಪಕ್ಕದ ಉದ್ಘಾಟನೆಯ ಕಲ್ಲನ್ನು ನಾನು ನೆನಪು ಮಾಡಿದೆನು. ಅದರಲ್ಲಿ ಹತ್ತೊಂಬತ್ತು ಹೆಸರುಗಳಿವೆ. ನಾನು ಎಣಿಸಿ ಬಂದಿದ್ದೆನು. "ನಿನ್ನ ಹೆಸರು ಇಲ್ಲವೆಂದು ನಿನಗೆ ಬೇಸರವಿಲ್ಲವೆ ಅಪ್ಪಾ?" ಎಂದು ಕೇಳಿದೆನು. "ಹೆಸರಿನದು ಹಂಗಿರ್ಲಿ. ಕೊನೇ ವಾರದ ಕೂಲಿ ಕೊಡ್ಲಿಲ್ಲ, ಅದು ಬೇಜಾರು" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ, "ಜನ ಕೂರೋ ಮನೆ ನೋಡ್ಬೇಕಂದ್ರ ಹರಿಹರದ ಗುಡಿಗೆ ಹೋಗಾಣ ಬಾ. ಭಾನುವಾರ ಕೆಲಸ ಇಲ್ಲ" ಎಂದರು.

ಹೀಗೆ ನಾವಿಬ್ಬರೂ ಹರಿಹರಕ್ಕೆ ಹೋದೆವು. ದಾವಣಗೆರೆಯಿಂದ ಅಲ್ಲಿಗೆ ಹದಿನಾಲ್ಕು ಕಿಲೋಮೀಟರು, ಪಿ. ಬಿ. ರಸ್ತೆಯ ಬಸ್ಸಿನಲ್ಲಿ ಕಡಲೆಕಾಯಿ ಪೊಟ್ಟಣ ಮುಗಿಯುವಷ್ಟರಲ್ಲಿ ಊರು ಬರುತ್ತದೆ. ಹರಿಹರೇಶ್ವರ ದೇವಾಲಯವನ್ನು ನಾನು ಚಿಕ್ಕಂದಿನಿಂದ ಹಲವು ಸಲ ನೋಡಿದ್ದೆನು. ಹಬ್ಬದ ದಿನ ಹೋಗುವುದು, ಬಲಗಡೆ ಶಿವ, ಎಡಗಡೆ ವಿಷ್ಣುವಾಗಿ ನಿಂತ ಒಂದೇ ಮೂರ್ತಿಗೆ ಕೈಮುಗಿಯುವುದು, ಹೊಳೆಯ ದಂಡೆಗೆ ಓಡುವುದು, ಇಷ್ಟೇ. ಗರ್ಭಗುಡಿಗೆ ಮುನ್ನ ದಾಟಿ ಹೋಗುವ ಆ ದೊಡ್ಡ ಮಂಟಪವನ್ನು ಮಾತ್ರ ನೋಡಿರಲಿಲ್ಲ. ದಾರಿಯಾದುದನ್ನು ಯಾರು ತಾನೆ ನೋಡುತ್ತಾರೆ!

ಹೋಗುವ ಮೊದಲು ಗ್ರಂಥಾಲಯದಲ್ಲಿ ನಾಲ್ಕು ಪುಟ ಓದಿಕೊಂಡಿದ್ದೆನು. ಊರಿನ ಹಳೆಯ ಹೆಸರು ಕೂಡಲೂರು. ಶಾಂತಿಸಾಗರವೆಂಬ ಸೂಳೆಕೆರೆಯಿಂದ ಹೊರಡುವ ಹರಿದ್ರಾ ನದಿಯು ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಆ ಹೆಸರು. ದೇವಾಲಯವು 1224ರ ಸುಮಾರಿನದು. ಹೊಯ್ಸಳ ಎರಡನೆಯ ವೀರನರಸಿಂಹನ ದಂಡನಾಯಕ ಪೋಲಾಳ್ವನ ಕಾರ್ಯವದು. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನು ಕೆಲವು ಭಾಗಗಳನ್ನು ಸೇರಿಸಿದನು. ಅದಕ್ಕೆ ಹತ್ತು ವರ್ಷ ಮುಂಚೆ, 1258ರಲ್ಲಿ, ಸೋಮನಾಥಪುರದ ಕೇಶವ ದೇವಾಲಯವನ್ನು ನಿಲ್ಲಿಸಿದ ಸೋಮನೂ ಈತನೇ. ಅಂದು ಇದು ಗಡಿಯ ಊರು. ಹೊಳೆಯಾಚೆಗೆ ಕಣ್ಣಿಟ್ಟು ಕೂತಿದ್ದವರು ದೇವಗಿರಿಯ ಸೇವುಣರು. ಆಶ್ಚರ್ಯವೆಂದರೆ ಏಳುನೂರು ವರ್ಷಗಳ ಬಳಿಕವೂ ಅದೇ ಹೊಳೆ ಗಡಿಯಾಗಿತ್ತು. 1956ರ ನವೆಂಬರ್ 1ರವರೆಗೆ ಈಚೆಯ ದಂಡೆ ಮೈಸೂರಿನದು, ಆಚೆಯದು ಮುಂಬಯಿ ಪ್ರಾಂತದ್ದು. ಎರಡು ಸರಕಾರಗಳ ನಡುವೆ, ಎರಡು ದೇವರು ಒಂದಾಗಿ ನಿಂತ ಗುಡಿ. ಇಂತಹ ಮಾತನ್ನು ಪರೀಕ್ಷೆಯಲ್ಲಿ ಬರೆದರೆ ಒಂದು ಅಂಕ ಹೆಚ್ಚು ಬಂದೀತೆಂದು ನಾನು ಗುರುತು ಹಾಕಿಕೊಂಡಿದ್ದೆನು.

ಮಂಟಪದ ಮೆಟ್ಟಿಲ ಬಳಿ ನಿಂತು ನಾನು ಈ ವಿಷಯಗಳನ್ನೆಲ್ಲ ತಂದೆಯವರಿಗೆ ಹೇಳತೊಡಗಿದೆನು. ಅವರು ಹೂಂಗುಟ್ಟುತ್ತಿದ್ದರು. ಆದರೆ ಅವರ ಕಣ್ಣು ಬೇರೆಲ್ಲಿಯೋ ಇತ್ತು. ಒಂದು ಕಂಬದ ಬಳಿಗೆ ಹೋಗಿ ಅಂಗೈಯನ್ನು ಅದರ ಸುತ್ತ ಸವರಿದರು. ಆಮೇಲೆ ಒಂದು ಕಣ್ಣು ಮುಚ್ಚಿ ಕಂಬಗಳ ಸಾಲನ್ನು ಉದ್ದಕ್ಕೂ ನೋಡಿದರು. ಗೋಡೆಯ ನೇರ ನೋಡುವಾಗ ಅವರು ಹಾಗೆಯೇ ನಿಲ್ಲುತ್ತಾರೆ. "ನೂಲು ಹಿಡಿದಂಗೈತಿ" ಎಂದರು.

ಆ ಮೇಲೆ ಮಾತು ಅವರದಾಯಿತು. ಪುಸ್ತಕದಲ್ಲಿ 'ಕಡೆದ ಕಂಬಗಳು' ಎಂದು ಓದಿದ್ದೆನು. ಅದು ಅಲಂಕಾರದ ಮಾತೆಂದು ತಿಳಿದಿದ್ದೆನು. ತಂದೆಯವರು ನನ್ನ ಬೆರಳನ್ನು ಹಿಡಿದು ಕಂಬದ ಮೈಯ ಮೇಲಿನ ಉಂಗುರದಂತಹ ಗೆರೆಗಳ ಮೇಲೆ ಆಡಿಸಿದರು. ಬಡಗಿಯು ತೊಟ್ಟಿಲ ಕಾಲನ್ನು ತಿರುಗಿಸಿ ಕಡೆಯುವಂತೆ ಕಲ್ಲನ್ನೇ ತಿರುಗಿಸಿ ಉಳಿ ಹಿಡಿದಿದ್ದಾರೆ. ಹೊಯ್ಸಳರು ಬಳಸಿದುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬೆಳಕಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಇದನ್ನು ನಾನು ಹೇಳಿದಾಗ ಅವರ ಮುಖದಲ್ಲಿ ನಗೆ ಮೂಡಿತು. "ಹಂಗಾದ್ರ ಸಿಮೆಂಟಿನಂಗೆ ಅನ್ನು. ಹಸಿ ಇದ್ದಾಗ ಕೆಲಸ ಮುಗಿಸ್ಬೇಕು" ಎಂದರು.

ಮಂಟಪದಲ್ಲಿ ಸುತ್ತ ಗೋಡೆಯಿಲ್ಲ. ಆ ಜಾಗದಲ್ಲಿ ಮೂರಡಿಯಷ್ಟು ಎತ್ತರದ ಗಿಡ್ಡಗೋಡೆಯಿದೆ. ಅದರ ಮೇಲೆ ಸಾಲಾಗಿ ಅರೆಗಂಬಗಳು ನಿಂತು ಸೂರಿನ ಅಂಚನ್ನು ಹೊತ್ತಿವೆ. ಒಳಗಡೆ ಆ ಗೋಡೆಗೆ ಹೊಂದಿಕೊಂಡು ಕೂರಲು ಕಲ್ಲಿನ ಜಗುಲಿ. ನೆಲದ ಆಕಾರವು ನೇರವಾದ ಚೌಕವಲ್ಲ. ಮೂಲೆಗಳು ಹಂತಹಂತವಾಗಿ ಒಳಸರಿದಿವೆ. ಶಿಲ್ಪಿಗಳು ಇದನ್ನು ಅಂದಕ್ಕಾಗಿ ಮಾಡಿದರೆಂದು ನಾನು ಹೇಳಿದೆನು. ತಂದೆಯವರು ಒಪ್ಪಲಿಲ್ಲ. ಗಿಡ್ಡಗೋಡೆಯ ಉದ್ದಕ್ಕೂ ನಡೆದು ಹೆಜ್ಜೆ ಎಣಿಸಿದರು. ಬಂದು ಲೆಕ್ಕ ಹೇಳಿದರು. "ನಾಕು ಮೂಲಿ ಇದ್ರ ಇಷ್ಟು ಮಂದಿ ಕುಂದ್ರಬಹುದು. ಮೂಲಿ ಮುರಿದು ಮುರಿದು ಹೋದ್ರ ಗೋಡೆ ಉದ್ದ ಆಗ್ತತಿ, ಕುಂದ್ರೋ ಜಾಗ ಹೆಚ್ಚಾಗ್ತತಿ. ಬೆಳಕೂ ಒಳಗಿನತನಕ ಬರ್ತತಿ." ನಾನು ಸುಮ್ಮನಾದೆನು. ಅಂದಕ್ಕಾಗಿಯೂ ಇದ್ದೀತು, ಆದರೆ ಅವರ ಲೆಕ್ಕ ತಪ್ಪಲ್ಲ. ಅಲ್ಲದೆ ಮುರಿದ ಮೂಲೆಗಳಲ್ಲಿ ಕೂತವರು ಒಬ್ಬರ ಮುಖವನ್ನೊಬ್ಬರು ನೋಡಬಲ್ಲರು. ನಮ್ಮ ತರಗತಿಯ ಬೆಂಚುಗಳಲ್ಲಿ ನಾನು ಮೂರು ವರ್ಷ ನೋಡಿದುದು ಮುಂದಿನವನ ಬೆನ್ನನ್ನು.

ಮೇಲೆ ನೋಡಿದರೆ ತೊಲೆಗಳು ಅಂಕಣ ಅಂಕಣವಾಗಿ ಚಾವಣಿಯನ್ನು ಭಾಗಮಾಡಿವೆ. ಚಾವಣಿಯಲ್ಲಿ ಕಮಲದ ಹೂಗಳು ಕೆಳಮುಖವಾಗಿ ಅರಳಿವೆ. ನಾನು ಹೂವನ್ನು ನೋಡುತ್ತಿದ್ದೆನು. ತಂದೆಯವರು ಸಂದುಗಳನ್ನು ನೋಡುತ್ತಿದ್ದರು. ತೊಲೆಗೆ ತೊಲೆ ಸೇರುವ ಸಂದು ಎಲ್ಲಿಯೂ ಬಯಲಿನಲ್ಲಿಲ್ಲ. ಪ್ರತಿಯೊಂದೂ ಕಂಬದ ಬೋದಿಗೆಯ ಮೇಲೆಯೇ ಬಂದಿದೆ. ನಡುವೆ ಗಾರೆಯಿಲ್ಲ. ಕಲ್ಲಿನ ತೂಕವೇ ಕಲ್ಲನ್ನು ಹಿಡಿದಿದೆ. ಹೊರಗೆ ಬಂದು ಗೋಪುರವನ್ನು ನೋಡಿದಾಗ ಮಾತ್ರ ಅವರು, "ಇದು ಅವರದ್ದಲ್ಲ, ನಮ್ಮೋರದ್ದು" ಎಂದರು. ಅವರೆಂದುದು ನಿಜ. ಮೂಲ ಗೋಪುರ ಉಳಿದಿಲ್ಲ. ಈಗಿರುವುದು ಬಹಳ ಈಚೆಗೆ ಇಟ್ಟಿಗೆ ಗಾರೆಗಳಿಂದ ಎದ್ದುದು. ಇದನ್ನು ನಾನು ಅವರಿಗೆ ಮುಂಚೆ ಹೇಳಿರಲಿಲ್ಲ.

ಊರಿನ ಜನರು ಇಂತಹ ಮಂಟಪಗಳಲ್ಲಿ ಸೇರುತ್ತಿದ್ದರೆಂಬುದಕ್ಕೆ ಕಲ್ಲೇ ಸಾಕ್ಷಿ. ದೇವಾಲಯದ ಪಕ್ಕದಲ್ಲಿ ಹಳಗನ್ನಡದ ಶಾಸನಗಳು, ವೀರಗಲ್ಲುಗಳು ಸಾಲಾಗಿ ನಿಂತಿವೆ. ಭೂಮಿ ಬಿಟ್ಟುದು, ಸುಂಕ ಬಿಟ್ಟುದು, ದತ್ತಿ ಕೊಟ್ಟುದು, ಇವನ್ನೆಲ್ಲ ಬರೆದು ಜನ ಓಡಾಡುವ ಕಡೆಯಲ್ಲಿ ನಿಲ್ಲಿಸುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ನೋಟೀಸು ಫಲಕ. ಅಳಿಸಲು ಬಾರದ ನೋಟೀಸು ಫಲಕ. ಸೋಮನಾಥಪುರದ ದೇವಾಲಯದ ಪ್ರಸ್ತಾಪವುಳ್ಳ ಶಾಸನಗಳು ಕೂಡ ಅಷ್ಟು ದೂರದ ಹರಿಹರದಲ್ಲಿ ದೊರೆತಿವೆ. ದಕ್ಷಿಣದ ಗುಡಿಯ ಸಂಗತಿಯನ್ನು ಉತ್ತರದ ಗಡಿಯಲ್ಲಿ ಸಾರಬೇಕಾದರೆ ಇಲ್ಲಿ ಕೇಳುವವರು ಸೇರುತ್ತಿದ್ದಿರಬೇಕು. ಅದಕ್ಕೇ ನಾನು ಇದನ್ನು ಕಲ್ಲುಚಾವಡಿಯೆಂದು ಕರೆದಿದ್ದೇನೆ. ಆದರೆ ಈ ಮಾತನ್ನು ಬಹಳ ಉತ್ಸಾಹದಿಂದ ಹೇಳಲು ನನ್ನ ಮನಸ್ಸು ಒಪ್ಪದು. ನಮ್ಮ ನಾಡಿನ ಗುಡಿಗಳ ಜಗುಲಿಯ ಮೇಲೆ ಊರಿನವರೆಲ್ಲರೂ ಕೂತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದುದು 1948ರಲ್ಲಿ. ಮಂಟಪಕ್ಕೆ ಗೋಡೆಯಿಲ್ಲದಿದ್ದರೂ ಬಾಗಿಲು ಹಾಕುವ ವಿದ್ಯೆ ನಮ್ಮವರಿಗೆ ತಿಳಿದಿತ್ತು.

ಶಾಸನದ ಕಲ್ಲುಗಳ ಎದುರಿನಲ್ಲಿಯೇ ನನ್ನ ಮಾನ ಹೋದುದು. ತಂದೆಯವರು ಒಂದು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ಇದು ಕನ್ನಡ ಅಲ್ಲೇನು? ಓದು ಮತ್ತೆ" ಎಂದರು. ಅಂತಿಮ ಬಿ. ಎ. ವಿದ್ಯಾರ್ಥಿಯಾದ ನಾನು ಬಗ್ಗಿದೆನು, ನೆರಳು ಮಾಡಿದೆನು, ಓರೆಯಾಗಿ ನೋಡಿದೆನು. 'ಶ್ರೀ' ಎಂಬುದೊಂದು ಸಿಕ್ಕಿತು. ಮುಂದೆ ಇಲ್ಲೊಂದು ರ, ಅಲ್ಲೊಂದು ನ. "ಬಹಳ ಹಳೆಯ ಲಿಪಿ ಅಪ್ಪಾ" ಎಂದೆನು. ಅವರು ನಗಲಿಲ್ಲ. "ಹೋಗ್ಲಿ ಬಿಡು. ಕಟ್ಟಿದೋರು ಯಾರಂತ ಬರೆದೈತಂತ?" ಎಂದು ಕೇಳಿದರು.

"ಹೇಳಿದೆನಲ್ಲ, ಪೋಲಾಳ್ವ ದಂಡನಾಯಕ ಕಟ್ಟಿದ. ಆಮೇಲೆ ಸೋಮ."

"ಅವರು ಕಟ್ಟಿಸಿದೋರು ತಮ್ಮಾ. ಕಟ್ಟಿದೋರು ಯಾರು?"

ನಾನು ಉತ್ತರ ಹೇಳಲಾರದೆ ನಿಂತೆನು. ಮೂರು ವರ್ಷಗಳಿಂದ ನಾನು ಉತ್ತರಪತ್ರಿಕೆಗಳಲ್ಲಿ ಇಂತಹ ರಾಜನು ಇಂತಹ ದೇವಾಲಯವನ್ನು 'ಕಟ್ಟಿದನು' ಎಂದೇ ಬರೆದಿದ್ದೇನೆ. ಯಾರೂ ಅಂಕ ಕಳೆಯಲಿಲ್ಲ. ಮನೆಗೆ ಬಂದ ಮೇಲೆ ಮುದ್ರಿತ ಶಾಸನಗಳ ಸಂಪುಟಗಳನ್ನು ತೆಗೆದು ನೋಡಿದೆನು. ಹಳೆಯ ಶಾಸನಗಳು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕವಾಗಿವೆ: 'ಮಾಡಿಸಿದಂ' ಎನ್ನುತ್ತವೆ. ಮಾಡಿದವನು ಬೇರೆ, ಮಾಡಿಸಿದವನು ಬೇರೆ ಎಂಬ ಭೇದವನ್ನು ಒಂದೇ ಅಕ್ಷರದಲ್ಲಿ ಇಟ್ಟ ಭಾಷೆ ನಮ್ಮದು. ಅದನ್ನು ನುಂಗಿದವರು ಪಠ್ಯಪುಸ್ತಕದವರು, ಅವರಿಂದ ಕಲಿತ ನಾವು. ಹೊಯ್ಸಳರ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆಂಬುದೂ ಉಂಟು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನದೂ ಅವನ ಮಗ ಚಾವಣನದೂ ಇವೆ.

ದಾಸೋಜ, ಚಾವಣರ ಮಾತನ್ನು ನಾನು ಅಲ್ಲಿಯೇ ತಂದೆಯವರಿಗೆ ಹೇಳಿದೆನು. ಅಪ್ಪನೂ ಮಗನೂ ಕೂಡಿ ಒಂದೇ ಗುಡಿಯ ಕೆಲಸಕ್ಕೆ ಹೋದರೆಂಬುದು ಅವರಿಗೆ ಬಹಳ ಹಿಡಿಸಿತು. ಮಗನಿಗೆ ಬೇರೆ ಕೂಲಿಯೋ, ಅಪ್ಪನ ಲೆಕ್ಕದಲ್ಲಿಯೇ ಸೇರಿತ್ತೋ ಎಂದು ಕೇಳಿದರು. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಬಿಸಿಲು ಏರಿತ್ತು. ನಾವು ಮತ್ತೆ ಮಂಟಪಕ್ಕೆ ಬಂದು ಕಲ್ಲಿನ ಜಗುಲಿಯ ಮೇಲೆ ಕುಳಿತೆವು. ಕಲ್ಲು ತಣ್ಣಗಿತ್ತು. ಅವ್ವ ಕಟ್ಟಿಕೊಟ್ಟಿದ್ದ ಮಂಡಕ್ಕಿಯ ಗಂಟನ್ನು ಹೊರಗೆ ಹೋಗಿ ತಿನ್ನೋಣವೆಂದು ತಂದೆಯವರು ಬಿಚ್ಚಲಿಲ್ಲ. ಎದುರಿನ ಜಗುಲಿಯಲ್ಲಿ ಒಬ್ಬ ಮುದುಕರು ನಿದ್ದೆ ಹೋಗಿದ್ದರು; ಆಚೆ ಇಬ್ಬರು ಹೆಂಗಸರು ಮಗುವಿನ ಕೂದಲನ್ನು ಬಾಚುತ್ತ ಮನೆಯ ವಿಷಯ ಮಾತನಾಡುತ್ತಿದ್ದರು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಆಗ ತಂದೆಯವರು ಕಂಬಕ್ಕೆ ಒರಗಿಕೊಂಡು, ನನ್ನನ್ನು ನೋಡದೆ ಹೇಳಿದರು:

"ನೀನು ಕಾಲೇಜಿನ ಅರ್ಜಿಯಾಗ ನನ್ನ ಕಟ್ಟಿಸೋನು ಅಂತ ಬರೆದಿದ್ದಿ."

ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷ! ಅಕ್ಷರಕ್ಕೆ ಅಕ್ಷರ ಕೂಡಿಸಿ ಅವರು ಆ ದೀರ್ಘವಾದ ಪದವನ್ನು ಓದಿದ್ದರು. ಓದಿಯೇ ರುಜು ಮಾಡಿದ್ದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆನು.

"ಗುತ್ತಿಗೆದಾರ ಅಂತ ಬರೆದಿದ್ದಕ್ಕ ಫೀಜಿನಾಗ ರಿಯಾಯ್ತಿ ಸಿಗ್ಲಿಲ್ಲ ನೋಡು. ಗೌಂಡಿ ಅಂತ ಬರೆದಿದ್ರ ಸಿಗ್ತಿತ್ತೇನೋ" ಎಂದರು. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನಿಜವಾಗಿಯೂ ಆ ದುಡ್ಡಿನ ವಿಷಯವನ್ನೇ ಯೋಚಿಸುತ್ತಿದ್ದರೋ, ನನ್ನ ನಾಚಿಕೆಗೊಂದು ಮರೆ ಕಟ್ಟುತ್ತಿದ್ದರೋ ನನಗೆ ಇಂದಿಗೂ ತಿಳಿದಿಲ್ಲ. "ತಪ್ಪಾಯ್ತಪ್ಪಾ" ಎಂದೆನು. ಅವರು ಅದಕ್ಕೆ ಉತ್ತರವನ್ನೇ ಹೇಳಲಿಲ್ಲ. ತಲೆಯ ಮೇಲಿನ ಸೂರಿನ ಇಳಿಜಾರನ್ನು ತೋರಿಸಿ, ಮಳೆಯ ನೀರು ಜಗುಲಿಗೆ ಸಿಡಿಯದಂತೆ ಅದನ್ನು ಎಷ್ಟು ಮುಂದಕ್ಕೆ ಚಾಚಿದ್ದಾರೆಂಬುದನ್ನು ಕೈಯಿಂದ ಅಳೆದು ವಿವರಿಸತೊಡಗಿದರು. ಅಷ್ಟು ಭಾರದ ಕಲ್ಲು ಹೊರಗಡೆ ಚಾಚಿದ್ದರೂ ಬೀಳದಿರುವುದಕ್ಕೆ ಒಳಗಡೆ ಅದರ ಮೇಲೆ ಬಿದ್ದಿರುವ ತೂಕವೇ ಕಾರಣವೆಂದರು. ನಾನು ಟಿಪ್ಪಣಿ ಪುಸ್ತಕ ತೆಗೆದು, ಬೇರೆಲ್ಲೂ ನೋಡಲಾರದೆ, ಅದನ್ನು ಬರೆದುಕೊಂಡೆನು. ಆ ಪುಟ ನನ್ನಲ್ಲಿದೆ. ಅಕ್ಷರಗಳು ಮಾತ್ರ ಶಾಸನದವುಗಳಿಗಿಂತ ಕೆಟ್ಟದಾಗಿವೆ.

ಹೊಳೆಯ ದಂಡೆಗೂ ಹೋಗಿ, 1868ರಲ್ಲಿ ಮುಗಿದ ಕಮಾನುಗಳ ಸೇತುವೆಯನ್ನೂ ನೋಡಬೇಕೆಂದು ನನ್ನ ಯೋಜನೆಯಿತ್ತು. ಕಲ್ಲೂ ಇಟ್ಟಿಗೆಯೂ ಸೇರಿದ ಕೆಲಸವಾದುದರಿಂದ ತಂದೆಯವರು ಅದನ್ನು ಕುರಿತು ಇನ್ನೂ ಹೆಚ್ಚು ಹೇಳಿಯಾರೆಂಬ ಆಸೆ ನನಗಿತ್ತು. ಆದರೆ ಅವರು ಥಟ್ಟನೆ ಎದ್ದು, ಸೂರ್ಯನನ್ನು ನೋಡಿ, ಪಂಚೆಯ ಧೂಳು ಕೊಡವಿಕೊಂಡರು.

"ಏಳು, ಬಸ್ಸು ಹಿಡಿಯಾಣ. ನಿನ್ನೆ ಸಂಜೆ ಕಟ್ಟಿದ ಗೋಡಿ ಐತಿ. ಹೊತ್ತು ಮುಳುಗೋದ್ರಾಗ ನೀರು ಹೊಡೀಬೇಕು" ಎಂದರು.

ಬಸ್ಸಿನಿಂದಿಳಿದು ನಾವು ಮನೆಗೆ ಹೋಗದೆ ನೇರವಾಗಿ ಆ ಗೋಡೆಯ ಬಳಿಗೇ ಹೋದೆವು. ತೊಟ್ಟಿಯಿಂದ ನಾನು ಕೊಡ ತುಂಬಿ ತುಂಬಿ ಕೊಟ್ಟೆನು. ಅವರು ಚೊಂಬಿನಿಂದ ಎರಚುತ್ತ ಹೋದರು. ಮಂಡಕ್ಕಿಯನ್ನು ಆಮೇಲೆ ಅಲ್ಲಿಯೇ ಇಟ್ಟಿಗೆಯ ರಾಶಿಯ ಮೇಲೆ ಕುಳಿತು ತಿಂದೆವು.